ನವೆಂಬರ್ ಹತ್ತೊಂಬತ್ತರ ಅಕ್ಕೋರು

ನಮ್ಮ ಅಕ್ಕೋರು ಕಳೆದ ತಿಂಗಳು ನಿವೃತ್ತರಾದರು. ಶಿಕ್ಷಕರ ಮೊಬೈಲ್ ಗುಂಪಿನಲ್ಲಿ ಬೀಳ್ಕೊಡುಗೆಯ ಫೋಟೋ ಬಂತು. ಹಾರ, ಶಾಲು, ಹಣ್ಣಿನ ಬುಟ್ಟಿ, ನಡುವೆ ಹುಬ್ಬು ಗಂಟಿಕ್ಕಿಕೊಂಡು ನಿಂತ ಅವರು. ಕೆಳಗೆ ಯಾರೋ ಬರೆದಿದ್ದರು: 'ಎಲ್ಲ ದಿನಾಚರಣೆಗಳನ್ನೂ ಉತ್ಸಾಹದಿಂದ ನಡೆಸಿಕೊಟ್ಟ ಮಾದರಿ ಶಿಕ್ಷಕಿ.' ಓದಿ ನನಗೆ ಮೈಯೆಲ್ಲ ಉರಿಯಿತು. ಅದರ ಕೆಳಗೆ ಕೈಮುಗಿದ ಚಿತ್ರಗಳು ಸಾಲುಸಾಲಾಗಿ ಬೀಳುತ್ತಲೇ ಇದ್ದವು. ಅವರನ್ನು ಹತ್ತಿರದಿಂದ ಕಂಡ ಯಾರೂ ಆ ಮಾತು ಬರೆಯಲಾರರು. ತಾರೀಖುಗಳೆಂದರೆ ಅವರಿಗೆ ಪ್ರಾಣ, ಖರೆ. ಆಚರಣೆ ಎಂದರೆ ಮಾತ್ರ ಹಲ್ಲು ಕಡಿಯುತ್ತಿದ್ದರು. ಈ ಎರಡರ ನಡುವಿನ ಫರಕು ತಿಳಿಯದವರೇ ಅವರಿಗೆ ಶಾಲು ಹೊದಿಸಿದರು.

ನಮ್ಮದು ಶಿರಹಟ್ಟಿ ತಾಲ್ಲೂಕಿನ ಒಂದು ಹಳ್ಳಿಯ ಹೈಸ್ಕೂಲು. ಊರಿನ ಹೆಸರು ಬೇಡ. ನಾನು ಗಣಿತ ಕಲಿಸುತ್ತೇನೆ, ಅವರು ಸಮಾಜ ವಿಜ್ಞಾನ ಕಲಿಸುತ್ತಿದ್ದರು. ನಾನು ಗದಗಿನ ಬಸ್ಸಿನಿಂದ, ಅವರು ಲಕ್ಷ್ಮೇಶ್ವರದ ಬಸ್ಸಿನಿಂದ ಕ್ರಾಸಿನಲ್ಲಿ ಇಳಿದು, ಶೇಂಗಾ ಹೊಲಗಳ ನಡುವಿನ ರಸ್ತೆಯಲ್ಲಿ ಜೊತೆಯಾಗಿ ಶಾಲೆಗೆ ನಡೆಯುತ್ತಿದ್ದೆವು. ಗಿಡ್ಡ ಆಳು, ದೊಡ್ಡ ದನಿ, ಬಿರುಸು ನಡಿಗೆ. ಹಿಂದೆ ಬಿದ್ದರೆ "ಕಾಲ ಕಿತ್ತ ಇಡು ತಂಗಿ, ಪ್ರಾರ್ಥನಿ ಮುಗುದ ಹೋದೀತು" ಎನ್ನುತ್ತಿದ್ದರು. ನನಗಿಂತ ಬಹಳ ಹಿರಿಯರು. ನನ್ನನ್ನು ಅವರು ಯಾವತ್ತೂ ಬಹುವಚನದಲ್ಲಿ ಕರೆಯಲಿಲ್ಲ, ನಾನೂ ಅದನ್ನು ಬಯಸಲಿಲ್ಲ.

ಪ್ರಾರ್ಥನೆಯ ಹೊತ್ತಿನಲ್ಲಿ 'ದಿನದ ವಿಶೇಷ' ಹೇಳುವ ಕೆಲಸ ಅವರದು. ಬೇರೆ ಶಾಲೆಗಳಲ್ಲಿ ಮೊಬೈಲ್ ನೋಡಿ ಗಡಗಡ ಓದಿ ಮುಗಿಸುತ್ತಾರೆ. ಇವರು ಹಾಗಲ್ಲ. ಒಂದು ತಾರೀಖು ಹಿಡಿದರೆ ಅದನ್ನು ತಂದು ನಮ್ಮ ಅಂಗಳದಲ್ಲೇ ಇಳಿಸುತ್ತಿದ್ದರು. ಮಾರ್ಚ್ ಇಪ್ಪತ್ತು ಗುಬ್ಬಚ್ಚಿಗಳ ದಿನ. ಆ ದಿನ ಮಕ್ಕಳನ್ನೆಲ್ಲ ಎಂಟನೆಯ ತರಗತಿಯ ಕಡೆ ತಿರುಗಿಸಿ, "ಆ ತೊಲಿ ಸಂದ್ಯಾಗ ಗೂಡ ಇತ್ತು. ಸುಣ್ಣಾ ಹಚ್ಚೂ ಮುಂದ ತಗದ ಒಗದೀವಿ. ಇವತ್ತ ಅದರ ಬಗ್ಗೆ ಭಾಷಣಾ ಮಾಡೋರು ಯಾರರೆ ಇದ್ರ ಮುಂದ ಬರ್ರಿ" ಎಂದರು. ಯಾರೂ ಮುಂದೆ ಬರಲಿಲ್ಲ. ಹೆಡ್‌ಮಾಸ್ತರು ಮಾತ್ರ ಕೆಮ್ಮಿದರು. ನೀರಿನ ದಿನ ಬಂದಾಗ ನನ್ನ ಕಿವಿಯಲ್ಲಿ, "ಮುಂಜಾನಿಂದ ಒಂದ ಗುಟುಕ ನೀರ ಕುಡುದಿಲ್ಲ, ನೀರಿನ ಮಹತ್ವಾ ಹೇಳ್ಬೇಕಂತ ನಾನು" ಎಂದು ಗೊಣಗಿದ್ದರು.

ಅದು ನಮ್ಮಿಬ್ಬರಿಗೂ ಗೊತ್ತಿದ್ದ ವಿಷಯ. ಹಳ್ಳಿ ಶಾಲೆಯ ಶಿಕ್ಷಕಿಯರಿಗೆಲ್ಲ ಗೊತ್ತಿರುವ ವಿಷಯ. ನೀರು ಕುಡಿದರೆ ಮುಂದಿನ ಪಾಡು ಏನು ಎಂಬ ಹೆದರಿಕೆ. ತೀರ ತಡೆಯಲಾರದೆ ಹೋದರೆ ಶಾಲೆಯ ಎದುರು ಮನೆಯ ಬಾಗಿಲು ತಟ್ಟುತ್ತಿದ್ದೆವು. ಆ ಮನೆಯ ಸೊಸೆ ಹೊಲಕ್ಕೆ ಹೋಗಿದ್ದರೆ ಅದೂ ಇಲ್ಲ. ಅಕ್ಕೋರಿಗೆ ಎರಡು ಸಲ ಮೂತ್ರಪಿಂಡದ ಹರಳಾಗಿತ್ತು. ಆದರೂ ಅವರ ಚೀಲದೊಳಗಿನ ನೀರಿನ ಬಾಟಲಿ ತುಂಬಿದ್ದು ತುಂಬಿದ ಹಾಗೇ ಲಕ್ಷ್ಮೇಶ್ವರಕ್ಕೆ ವಾಪಸು ಹೋಗುತ್ತಿತ್ತು.

ಶಾಲೆಯಲ್ಲಿ ಹುಡುಗಿಯರ ಶೌಚಾಲಯ ಇರಲಿಲ್ಲವೆಂದಲ್ಲ. ಇತ್ತು. ಗುಲಾಬಿ ಬಣ್ಣದ ಗೋಡೆ, ಗೋಡೆಯ ಮೇಲೆ ನಗುವ ಹುಡುಗಿಯ ಚಿತ್ರ, ಗಟ್ಟಿ ಬಾಗಿಲು. ಬಾಗಿಲಿಗೆ ಕೀಲಿ. ಒಳಗಿನ ನಲ್ಲಿಗೆ ನೀರಿನ ಪೈಪು ಜೋಡಿಸಿರಲಿಲ್ಲ. ಕಾಲು ಮುರಿದ ಬೆಂಚುಗಳನ್ನು ಅದರೊಳಗೆ ತುಂಬಿಸಿದ್ದರು. ಅಕ್ಕೋರು ಬಂದ ಹೊಸತರಲ್ಲೇ ಹೆಡ್‌ಮಾಸ್ತರನ್ನು ಕೇಳಿದ್ದರಂತೆ, ಕೀಲಿ ಯಾಕ ಹಾಕೀರಿ ಎಂದು.

"ಉಪಯೋಗ ಮಾಡಿದ್ರ ಹೊಲಸ ಆಕ್ಕೈತ್ರಿ ಮೇಡಂ. ನಾಳೆ ಯಾರರೆ ತಪಾಸಣಿಗೆ ಬಂದ್ರ ಏನ್ ತೋರಸೂದು?"

"ಹಂಗಾರ ಶಾಲಿಗೂ ಕೀಲಿ ಹಾಕ್ರಿ ಸರ. ಹುಡುಗ್ರು ಬಂದು ಅದನ್ನೂ ಹೊಲಸ ಮಾಡ್ತಾವ."

ಹೆಡ್‌ಮಾಸ್ತರು ಕೆಟ್ಟವರಲ್ಲ. ಮೇಲಿನಿಂದ ಫೋನು ಬಂದರೆ ಕುರ್ಚಿ ಬಿಟ್ಟು ಎದ್ದು ನಿಂತು ಮಾತಾಡುವ ಜಾತಿಯ ಮನುಷ್ಯ. ಅಂಥವರೊಡನೆ ಜಗಳವಾಡಿದರೆ ಜಗಳವೂ ಬೆಳೆಯುವುದಿಲ್ಲ, ಕೆಲಸವೂ ಆಗುವುದಿಲ್ಲ. ಅಕ್ಕೋರಿಗೆ ಅದೇ ಹೆಚ್ಚು ಸಿಟ್ಟು ತರಿಸುತ್ತಿತ್ತು.

ಅವರೊಡನೆ ಇರುವುದೂ ಸುಲಭವಿರಲಿಲ್ಲ, ಅದನ್ನೂ ಹೇಳಬೇಕು. ಯಾರನ್ನೂ ಹೊಗಳುತ್ತಿರಲಿಲ್ಲ. ನನ್ನ ಹುಟ್ಟಿದ ದಿನ ಪೇಡೆ ಹಂಚಿದರೆ, ಪೇಡೆ ಕೈಯಲ್ಲಿ ಹಿಡಿದುಕೊಂಡೇ, ಅದೇ ತಾರೀಖಿಗೆ ಯಾವುದೋ ದೇಶದಲ್ಲಿ ಹಡಗು ಮುಳುಗಿದ ಕಥೆ ಹೇಳಿದರು. ಮುಳುಗಿದವರನ್ನೆಲ್ಲ ಒಬ್ಬೊಬ್ಬರನ್ನಾಗಿ ಮುಳುಗಿಸಿ, ಆಮೇಲೆ ಪೇಡೆ ಬಾಯಿಗೆ ಹಾಕಿಕೊಂಡು, "ಚಲೋ ಐತಿ. ಬೆಟಗೇರಿದೇನು?" ಎಂದರು. ತರಬೇತಿಗೆಂದು ಜೊತೆಯಾಗಿ ಹೋಗುವಾಗ ಬಸ್ಸಿನಲ್ಲಿ ಕಂಡಕ್ಟರನ ಜೊತೆ ಏರುದನಿಯಲ್ಲಿ ವಾದಕ್ಕಿಳಿದರೆ ನಾನು ಕಿಟಕಿಯ ಹೊರಗೆ ನೋಡುತ್ತ ಕೂರುತ್ತಿದ್ದೆ.

ಆದರೆ ಮಕ್ಕಳು ಅವರ ಸುತ್ತ ಇರುವೆಯ ಹಾಗೆ ಮುತ್ತುತ್ತಿದ್ದವು. ಅದರಲ್ಲಿ ಒಬ್ಬಳು ರೇಣುಕಾ. ಎಂಟನೆಯ ತರಗತಿ, ಸಣ್ಣ ಮುಖ, ಮಾತು ಕಡಿಮೆ. ಕೊರೋನಾ ಮುಗಿದು ಶಾಲೆ ಮತ್ತೆ ತುಂಬಿದ ವರ್ಷ, ಆಗಸ್ಟ್ ಹದಿಮೂರರ ಪ್ರಾರ್ಥನೆಯಲ್ಲಿ ಅಕ್ಕೋರು, "ಇವತ್ತ ಎಡಗೈಯವರ ದಿನ. ಎಡಗೈಲೆ ಬರಿಯೋರು ಯಾರದೀರಿ, ಬರ್ರಿ" ಎಂದರು. ಮಕ್ಕಳು ನಕ್ಕವು. ಯಾರೂ ಅಲುಗಲಿಲ್ಲ. ಆಮೇಲೆ ಹುಡುಗಿಯರೇ ರೇಣುಕಾಳನ್ನು ಮುಂದೆ ತಳ್ಳಿದರು. ಮನೆಯಲ್ಲಿ ಬೈಸಿಕೊಂಡು ಬೈಸಿಕೊಂಡು ಆ ಹುಡುಗಿ ಎಡಗೈಯನ್ನು ಲಂಗದ ಮರೆಯಲ್ಲೇ ಇಟ್ಟುಕೊಂಡಿರುತ್ತಿತ್ತು. ಅಕ್ಕೋರು ಅವಳ ಕೈಗೆ ಸೀಮೆಸುಣ್ಣ ಕೊಟ್ಟು, ಗೇಟಿನ ಹತ್ತಿರದ ಹಲಗೆಯ ಮೇಲೆ ದಿನದ ವಿಶೇಷ ಬರೆಸಿದರು. ಅಕ್ಷರ ಮುತ್ತಿನಂತಿತ್ತು. ಅವತ್ತಿನಿಂದ ಆ ಹಲಗೆ ಅವಳದಾಯಿತು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಬರೆದು, ತುಸು ದೂರ ಸರಿದು ನಿಂತು ಓದಿಕೊಳ್ಳುತ್ತಿದ್ದಳು.

ನವೆಂಬರ್ ಬಂತು. ಹತ್ತೊಂಬತ್ತನೆಯ ತಾರೀಖು ವಿಶ್ವ ಶೌಚಾಲಯ ದಿನ. ಮಕ್ಕಳ ಕೈಗೆ ಫಲಕ ಕೊಟ್ಟು ಊರೊಳಗೆ ಜಾಥಾ ನಡೆಸಬೇಕು, ಮಧ್ಯಾಹ್ನದೊಳಗೆ ಫೋಟೋ ಕಳಿಸಬೇಕು, ಗದಗಿನಿಂದ ಒಬ್ಬ ಸಾಹೇಬರು ಖುದ್ದು ಬರುತ್ತಾರೆ ಎಂದು ಆದೇಶವಾಗಿತ್ತು. ಹೆಡ್‌ಮಾಸ್ತರು ಹಿಂದಿನ ದಿನವೇ ರಟ್ಟಿನ ಫಲಕ ಬರೆಸಿ ಗೋಡೆಗೆ ಒರಗಿಸಿದ್ದರು.

ಪ್ರಾರ್ಥನೆ ಮುಗಿಯಿತು. ಅಕ್ಕೋರು ಮುಂದೆ ಬಂದರು.

"ಇವತ್ತ ಝಾನ್ಸಿ ರಾಣಿ ಹುಟ್ಟಿದ ದಿನ. ಗಂಡಸರ ದಿನಾನೂ ಇವತ್ತ. ಗಂಡುಡುಗ್ರು ಯಾಕ ನಗ್ತೀರಿ, ಖರೇನ ಐತಿ. ನಾ ಸಣ್ಣಾಕಿ ಇದ್ದಾಗ ಇದ ತಾರೀಖಿಗೆ ಇಬ್ಬರು ಚಂದ್ರನ ಮ್ಯಾಲೆ ಇಳದಿದ್ರು. ಮನುಷ್ಯಾ ಅಲ್ಲಿ ಇಳದದ್ದು ಅದು ಎರಡನೇ ಸಲ. ಅಷ್ಟ ದೂರ ಹೋಗು ಮುಂದ ಅವರು ಎಲ್ಲಾ ವಿಚಾರ ಮಾಡಿದ್ರು. ಏನ್ ಉಣ್ಣೂದು, ಹೆಂಗ ಉಸರಾಡೂದು. ಸಂಡಾಸದ ವ್ಯವಸ್ಥಾನೂ ಮಾಡ್ಕೊಂಡ ಹೋಗಿದ್ರು."

ಮಕ್ಕಳು ಮತ್ತೆ ನಕ್ಕವು. ಅಕ್ಕೋರು ನಗಲಿಲ್ಲ.

"ನಿಮಗ ಈ ಅಂಗಳದಾಗ ಇಲ್ಲ. ಅದಕ್ಕ ಇವತ್ತ ಜಾಥಾ ಇಲ್ಲ. ಹುಡುಗ್ಯಾರೆಲ್ಲಾ ನನ್ನ ಹಿಂದ ಬರ್ರಿ."

ಗುಲಾಬಿ ಗೋಡೆಯ ಮುಂದೆ ಹೋಗಿ, ಕೀಲಿ ಹಾಕಿದ ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತರು. ಹುಡುಗಿಯರು ಕೂತರು. ನಾನೂ ಹೋಗಿ ಅವರ ಬಗಲಿಗೆ ಕೂತೆ. ಹೆಡ್‌ಮಾಸ್ತರು ಓಡಿ ಬಂದರು. "ಮೇಡಂ, ಸಾಹೇಬ್ರು ಕ್ರಾಸಿಗೆ ಬಂದಾರಂತ. ಇದ ಏನ್ರಿ, ಏಳ್ರಿ." ಅಕ್ಕೋರು ಕೈ ಚಾಚಿದರು. "ಕೀಲಿಕೈ ಕೊಡ್ರಿ, ಏಳ್ತೀನಿ."

ಕೊನೆಗೆ ಕೊಟ್ಟರು. ಬಾಗಿಲು ತೆಗೆದರೆ ಮುರಿದ ಬೆಂಚುಗಳು ಸೂರಿನವರೆಗೆ. ದೊಡ್ಡ ಹುಡುಗರು ಅವನ್ನೆಲ್ಲ ಹೊರಗೆ ಎಳೆಯುತ್ತಿರುವಾಗ ಸಾಹೇಬರ ಜೀಪು ಒಳಗೆ ಬಂತು. ಅಕ್ಕೋರು ಎದುರು ಹೋಗಿ, ಪೈಪಿಲ್ಲ, ನೀರಿಲ್ಲ, ಹುಡುಗಿಯರು ಹಳ್ಳದ ಜಾಲಿಗಿಡಗಳ ಮರೆಗೆ ಹೋಗುತ್ತಾರೆ ಎಂದು ಒಂದೇ ಉಸಿರಿನಲ್ಲಿ ಹೇಳಿದರು. ಸಾಹೇಬರು ಬಹಳ ಗಮನವಿಟ್ಟು ಕೇಳಿದರು. ತಲೆ ಅಲ್ಲಾಡಿಸಿದರು. ಆಮೇಲೆ ಬೆಂಚು ಹೊರುತ್ತಿದ್ದ ಹುಡುಗರನ್ನು ನೋಡಿ, "ಶ್ರಮದಾನಾ? ಭಾಳ ಚಲೋ. ಜಾಥಾಕ್ಕಿಂತ ಇದು ಚಲೋ ಆತು" ಎಂದು ತಾವೇ ಮೊಬೈಲ್ ತೆಗೆದು ಫೋಟೋ ಹೊಡೆದರು. ಆ ಫೋಟೋ ಗುಂಪಿನಲ್ಲಿ ಬಂತು, ಮರುದಿನ ಪೇಪರಿನಲ್ಲಿಯೂ ಬಂತು. ಅಕ್ಕೋರ ಹೆಸರಿನಲ್ಲಿ ಒಂದು ಪ್ರಶಂಸಾಪತ್ರವೂ ಬಂತು. ಬೆಂಚುಗಳು ಮತ್ತೆ ಒಳಗೆ ಹೋದವು, ಬಾಗಿಲಿಗೆ ಮತ್ತೆ ಕೀಲಿ ಬಿತ್ತು. ಹೊರಗೆ ಇಟ್ಟರೆ ಮಳೆಗೆ ಹಾಳಾಗುತ್ತವಂತೆ.

ಪ್ರಶಂಸಾಪತ್ರವನ್ನು ಅಕ್ಕೋರು ಬಿಚ್ಚಿ ನೋಡಲಿಲ್ಲ. ಕ್ರಾಸಿಗೆ ನಡೆಯುವಾಗ ಮಾತ್ರ, "ಬೈದಿದ್ರ ತಡಕೋತಿದ್ದೆ ತಂಗಿ. ಶಾಬಾಸ್ ಅಂದಾರ. ಈಗ ನಾ ಯಾರ ಕೂಡ ಜಗಳಾಡ್ಲಿ?" ಎಂದರು.

ಅದಾಗಿ ಕೆಲವು ದಿನಗಳಲ್ಲಿ ಗೇಟಿನ ಹಲಗೆ ಖಾಲಿ ಉಳಿಯಿತು. ರೇಣುಕಾ ಬಂದಿರಲಿಲ್ಲ. ಜ್ವರವಿರಬಹುದು ಎಂದುಕೊಂಡೆವು. ಒಂದು ವಾರವಾದರೂ ಬರದಿದ್ದಾಗ ಶಾಲೆ ಬಿಟ್ಟ ಮೇಲೆ ನಾವಿಬ್ಬರೂ ಅವಳ ಮನೆಗೆ ಹೋದೆವು. ಅವರವ್ವ ಆಗಷ್ಟೇ ಹತ್ತಿ ಬಿಡಿಸಿ ಬಂದು ಕಟ್ಟೆಯ ಮೇಲೆ ಕೂತಿದ್ದಳು. ಎದ್ದು ಚಾಪೆ ಹಾಸಿದಳು. ರೇಣುಕಾ ಒಳಗಿನಿಂದ ಹೊರಬರಲೇ ಇಲ್ಲ. ಹಳ್ಳದ ಕಡೆ ಹೋದಾಗ ಯಾರೋ ಹುಡುಗರು ಮರೆಯಲ್ಲಿ ನಿಂತು ಹರಳು ಎಸೆದರಂತೆ, ಮೊಬೈಲ್ ಹಿಡಿದಿದ್ದರಂತೆ. ಇಷ್ಟನ್ನು ಹೇಳಿ ಆ ತಾಯಿ ಸೆರಗಿಗೆ ಅಂಟಿದ ಹತ್ತಿ ಬಿಡಿಸತೊಡಗಿದಳು.

ಅಕ್ಕೋರು, ಹುಡುಗರನ್ನು ನಾನು ನೋಡಿಕೊಳ್ಳುತ್ತೇನೆ, ನೀನು ಹುಡುಗಿಯನ್ನು ಕಳಿಸು ಎಂದರು.

"ಒಂದ ಮಾತ ಕೇಳ್ತೀನ್ರಿ ಅಕ್ಕೋರ, ಸಿಟ್ಟಾಗಬ್ಯಾಡ್ರಿ. ಮುಂಜಾನಿಂದ ಸಂಜಿತನಕಾ ನೀವು ಏನ್ ಮಾಡ್ತೀರಿ?"

"ನಾ ನೀರ ಕುಡಿಯಾಂಗಿಲ್ಲವಾ."

"ನನ್ನ ಮಗಳೂ ಕುಡಿಯಾಂಗಿಲ್ರಿ. ಉರಿ ಉರಿ ಅಂತ ರಾತ್ರಿ ಅಳ್ತಾಳ. ದವಾಖಾನ್ಯಾಗ ಡಾಕ್ಟರ್ ನೀರ ಬಾಳ ಕುಡೀಬೇಕು ಅಂತಾರ. ಕುಡದ್ರ ಎಲ್ಲಿ ಹೋಗ್ಬೇಕ್ರಿ? ಇಷ್ಟ ಓದಿದೋರು, ನಿಮಗ ಆಗಲಾರದ್ದು ಆ ಕೂಸಿಗೆ ಹೆಂಗ ಆಕ್ಕೈತ್ರಿ?"

ಚಹಾ ಬಂತು. ಅಕ್ಕೋರು ಕುಡಿದು ಎದ್ದರು.

ಮರುದಿನ ಸಣ್ಣ ಬಿಡುವಿನಲ್ಲಿ ಹೆಡ್‌ಮಾಸ್ತರ ಕೋಣೆಗೆ ಹೋದರು. ನಾನು ಹಾಜರಿ ಕೊಡಲು ಅಲ್ಲೇ ಇದ್ದೆ. ಚೀಲದಿಂದ ಬಾಟಲಿ ತೆಗೆದು, ಅವರ ಮೇಜಿನ ಮುಂದೆ ನಿಂತು, ಇಡೀ ಬಾಟಲಿ ನೀರನ್ನು ಗಟಗಟ ಕುಡಿದರು. ಸೆರಗಿನಿಂದ ಬಾಯಿ ಒರೆಸಿಕೊಂಡು ಎದುರಿನ ಕುರ್ಚಿಯಲ್ಲಿ ಕೂತರು.

"ಏನ್ರಿ ಮೇಡಂ?"

"ಏನಿಲ್ಲ ಸರ. ನೀರ ಕುಡದೇನಿ. ಇನ್ನ ಸ್ವಲ್ಪ ಹೊತ್ತಿಗೆ ಎಲ್ಲಿಗೆ ಹೋಗ್ಲಿ ಅಂತ ನೀವು ಹೇಳ್ರಿ."

ಹೆಡ್‌ಮಾಸ್ತರ ಮುಖ ಕೆಂಪಾಯಿತು. ಕಿಟಕಿಯ ಕಡೆ ನೋಡಿದರು, ನನ್ನ ಕಡೆ ನೋಡಿದರು. ಗಂಡಸರ ಮುಂದೆ ಆಡಬಾರದ ಮಾತನ್ನು ಅಕ್ಕೋರು ಹವಾಮಾನದ ಸುದ್ದಿಯ ಹಾಗೆ ಆಡಿಬಿಟ್ಟಿದ್ದರು. ಆ ಮನುಷ್ಯ ಮೇಜಿನ ಡ್ರಾಯರ್ ಎಳೆದು ಕೀಲಿಕೈ ತೆಗೆದು ಇಟ್ಟರು. ಇಷ್ಟು ವರ್ಷ ಅಹವಾಲು, ವಾದಕ್ಕೆ ಬಗ್ಗದ, ಧರಣಿಗೆ ಒಂದೇ ದಿನ ಬಗ್ಗಿದ ಕೀಲಿ ನಾಚಿಕೆಗೆ ಬಗ್ಗಿತು.

ಈ ಸಲ ಬೆಂಚುಗಳು ಹೊರಬಂದವು, ವಾಪಸು ಹೋಗಲಿಲ್ಲ. ನೀರಿಗಾಗಿ ಅಕ್ಕೋರು ಪಂಚಾಯಿತಿಗೆ ಹೋದರು. ಅವರು ಶಿರಹಟ್ಟಿಗೆ ಹೋಗ್ರಿ ಎಂದರು. ಶಿರಹಟ್ಟಿಯವರು ಇದು ಪಂಚಾಯಿತಿ ಕೆಲಸ ಎಂದರು. ಅಷ್ಟರತನಕ ಓಣಿಯ ಬೋರಿನಿಂದ ನಾವಿಬ್ಬರೂ ಕೊಡದಲ್ಲಿ ನೀರು ತಂದು ಡ್ರಮ್ಮು ತುಂಬಿಸಿದೆವು. ತೊಳೆಯುವ ಕೆಲಸಕ್ಕೆ ಅಕ್ಕೋರು ಮಕ್ಕಳ ಕೈಗೆ ಪೊರಕೆ ಕೊಡಲಿಲ್ಲ. ಸೀರೆ ಎತ್ತಿ ಕಟ್ಟಿ ತಾವೇ ನಿಂತರು. ಊರಲ್ಲಿ ಮಾತಾಯಿತು. ಲಕ್ಷ್ಮೇಶ್ವರಕ್ಕೂ ಸುದ್ದಿ ಮುಟ್ಟಿ ಅವರ ಮೈದುನ ಫೋನು ಮಾಡಿ ಮನೆಯ ಮರ್ಯಾದೆಯ ಪ್ರಶ್ನೆ ಎತ್ತಿದ. ಅಕ್ಕೋರು ನಮ್ಮೆದುರಿಗೇ, "ಮನ್ಯಾಗಿಂದು ಯಾರ ತೊಳಿತಾರಪಾ? ನಿನ್ನ ಹೆಂಡ್ತಿನ್ನ ಕೇಳು" ಎಂದು ಫೋನು ಇಟ್ಟರು.

ಹುಡುಗಿಯರು ಬಳಸತೊಡಗಿದರು. ನಾವೂ. ಸಣ್ಣ ಬಿಡುವಿನಲ್ಲಿ ಅಲ್ಲಿ ಸಾಲು ನಿಲ್ಲುತ್ತಿತ್ತು. ರೇಣುಕಾಳ ಮನೆಗೆ ಅಕ್ಕೋರು ಮತ್ತೆ ಹೋದರು, ಸಂಕ್ರಾಂತಿ ಕಳೆದ ಮೇಲೆ ಇನ್ನೊಮ್ಮೆ ಹೋದರು. ಆ ಹೊತ್ತಿಗೆ ಹುಡುಗಿ ಅವ್ವನ ಜೊತೆ ಮೆಣಸಿನಕಾಯಿ ಬಿಡಿಸಲು ಹೋಗುತ್ತಿದ್ದಳು. ಈ ಸಲ ಹೊರಗೆ ಬಂದಳು. "ಎಲ್ಲಾರೂ ಮುಂದ ಮುಂದ ಹೋಗ್ಯಾರ್ರಿ ಅಕ್ಕೋರ, ನನಗ ಈಗ ಬರಾಕ ನಾಚಿಕಿ ಆಕ್ಕೈತಿ. ನನ್ನ ತಂಗೀನ ಕಳಸ್ತಾರಂತ" ಎಂದಳು. ಮುಂದಿನ ಜೂನಿನಲ್ಲಿ ತಂಗಿ ಬಂದಳು. ರೇಣುಕಾ ಬರಲಿಲ್ಲ. ಮೊನ್ನೆ ಅವಳನ್ನು ಮುಂಡರಗಿಯ ಕಡೆ ಕೊಟ್ಟರೆಂದು ಕೇಳಿದೆ.

ಸಂಕ್ರಾಂತಿ ಕಳೆದ ಮೇಲೆ ಹೋದಾಗ ನಾನೂ ಜೊತೆಗಿದ್ದೆ. ಅವತ್ತು ಅವಳ ಮನೆಯಿಂದ ಬರುವಾಗ ಅಕ್ಕೋರು ಕ್ರಾಸಿನ ಕಲ್ಲಿನ ಮೇಲೆ ಕೂತರು. ಬಸ್ಸು ಬಂತು, ಏಳಲಿಲ್ಲ. "ಒಂದ ಬಾಗಲಾ ತಗಿಯಾಕ ಎಷ್ಟ ತಡಾ ಮಾಡಿದೆ ನೋಡು" ಎಂದರು. ತಡ ಮಾಡಿದವರು ಅವರಲ್ಲ ಎಂದು ನಾನು ಹೇಳಿದೆ. ಅವರು ಕೇಳಿಸಿಕೊಂಡಂತೆ ಕಾಣಲಿಲ್ಲ.

ಮುಂದೆ ತಪಾಸಣೆಗೆ ಬೇರೊಬ್ಬರು ಬಂದರು. ನಮ್ಮ ಶಾಲೆಗೆ ಬಂದ ಟಿಪ್ಪಣಿ ಇದು: 'ಬಾಲಕಿಯರ ಶೌಚಾಲಯದ ನೆಲ ಒದ್ದೆಯಾಗಿದೆ. ಸ್ವಚ್ಛತೆ ಸಮಾಧಾನಕರವಾಗಿಲ್ಲ.' ಕೀಲಿ ಹಾಕಿಟ್ಟ ಎಲ್ಲ ವರ್ಷಗಳಲ್ಲಿ ಅದೇ ಶೌಚಾಲಯ ಉತ್ತಮವೆನಿಸಿಕೊಂಡಿತ್ತು. ಹೊಣೆ ಹೊತ್ತವರು ಅಕ್ಕೋರಾದ್ದರಿಂದ ಕಾರಣ ಕೇಳಿ ನೋಟಿಸು ಅವರಿಗೇ ಬಂತು. ಅವರು ಬರೆದ ಉತ್ತರ ಎರಡು ಸಾಲಿನದು: 'ನೆಲ ಒದ್ದೆಯಾಗಿರುವುದು ನಿಜ. ಬಳಸಿದರೆ ಒದ್ದೆಯಾಗುತ್ತದೆ.' ಹೆಡ್‌ಮಾಸ್ತರು ಅದನ್ನು ಕಳಿಸಬೇಡಿ ಎಂದು ಕೈಮುಗಿದು ಬೇಡಿದರು. ಅಕ್ಕೋರು ಕಳಿಸಿದರು.

ಆ ವರ್ಷವೇ ಅವರನ್ನು ಹೆಚ್ಚುವರಿ ಶಿಕ್ಷಕಿಯೆಂದು ತೋರಿಸಿ ಮುಂಡರಗಿ ತಾಲ್ಲೂಕಿಗೆ, ಡೋಣಿಯ ಆಚೆಯ ಒಂದು ಶಾಲೆಗೆ ಹಾಕಿದರು. ನಿವೃತ್ತಿಗೆ ಎರಡು ವರ್ಷವೂ ಉಳಿದಿರಲಿಲ್ಲ. ಲಕ್ಷ್ಮೇಶ್ವರದಿಂದ ದಿನಾ ಹೋಗಿಬರುವ ದಾರಿಯಲ್ಲ ಅದು. ಮುಂಡರಗಿಯಲ್ಲಿ ಒಂದು ಕೋಣೆ ಹಿಡಿದರು. ನೋಟಿಸಿಗೂ ವರ್ಗಾವಣೆಗೂ ಸಂಬಂಧವಿಲ್ಲ ಎಂದು ಎಲ್ಲರೂ ಹೇಳಿದರು. ಕೇಳದೆಯೇ ಹೇಳಿದರು.

ಕೀಲಿಕೈ ಈಗ ನನ್ನ ಚೀಲದಲ್ಲಿರುತ್ತದೆ. ಪೈಪು ಕೊನೆಗೆ ಜೋಡಣೆಯಾಯಿತು, ನೀರು ದಿನ ಬಿಟ್ಟು ದಿನ ಬರುತ್ತದೆ.

ಹೋದ ಚಳಿಗಾಲದಲ್ಲಿ ಮುಂಡರಗಿಗೆ ನೆಂಟರ ಮದುವೆಗೆಂದು ಹೋದವಳು ಅವರನ್ನು ನೋಡಲು ಆ ಶಾಲೆಗೆ ಹೋದೆ. ಕಪ್ಪತಗುಡ್ಡದ ಕಡೆಯಿಂದ ಗಾಳಿ ಬೀಸುತ್ತಿತ್ತು, ಅಂಗಳದ ತುಂಬ ಧೂಳು. ಅದು ಬಿಡುವಿನ ಹೊತ್ತು. ಶಾಲೆಯ ಹಿಂದೆ ಮೂರು ಗೋಡೆಯ ಒಂದು ಶೌಚಾಲಯ. ನಲ್ಲಿಯಲ್ಲಿ ನೀರು ಸುರಿಯುವ ಸಪ್ಪಳ ಕೇಳುತ್ತಿತ್ತು. ಬಾಗಿಲಿರಲಿಲ್ಲ. ಬಾಗಿಲಿರಬೇಕಾದ ಕಡೆ ಎರಡು ಮೊಳೆ ಬಡಿದು ಒಂದು ಹಳೆಯ ಇಳಕಲ್ ಸೀರೆಯನ್ನು ಎರಡು ಮಡಿಕೆ ಮಾಡಿ ಕಟ್ಟಿದ್ದರು. ಗಾಳಿ ಅದನ್ನು ಎತ್ತಿ ಎತ್ತಿ ಹಾಕುತ್ತಿತ್ತು. ಅಕ್ಕೋರು ಅದಕ್ಕೆ ಬೆನ್ನು ಮಾಡಿ, ಸೀರೆಯ ಎರಡೂ ಅಂಚನ್ನು ಹಿಂದೆ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡು, ಆಟದ ಬಯಲಿನಲ್ಲಿದ್ದ ಹುಡುಗರ ಕಡೆ ಕಣ್ಣಿಟ್ಟು ನಿಂತಿದ್ದರು. ಒಬ್ಬಳು ಹೊರಗೆ ಬಂದಳು, ಇನ್ನೊಬ್ಬಳು ಒಳಗೆ ಹೋದಳು. ನನ್ನನ್ನು ಕಂಡರು. ಕೈ ಬಿಡಲಿಲ್ಲ.

"ಬಾ ತಂಗಿ. ಇಲ್ಲೇ ನಿಂದ್ರು, ಇನ್ನೂ ನಾಕೈದು ಮಂದಿ ಅದಾವ."

ನಾನು ಪಕ್ಕದಲ್ಲಿ ನಿಂತು ಒಂದು ಅಂಚು ಹಿಡಿದುಕೊಂಡೆ. ಬಾಗಿಲು ಯಾವಾಗ ಬರುತ್ತದಂತೆ ಎಂದು ಕೇಳಿದೆ.

"ಮಂಜೂರ ಆಗೇತಂತ. ಮಾರ್ಚ್‌ದಾಗ ಕುಂದರಸ್ತೀವಿ ಅಂದಾರ." ಬಯಲಿನ ಕಡೆಯಿಂದ ಕಣ್ಣು ತೆಗೆಯದೆ ಹೇಳಿದರು. "ಯಾವ ವರ್ಷದ ಮಾರ್ಚ್ ಅಂತ ನಾನೂ ಕೇಳಿಲ್ಲ, ಅವರೂ ಹೇಳಿಲ್ಲ."